ಕರೆಂಟ್ ಹೋಯಿತು, ಚರ್ಚಿನಲ್ಲಿ ಹಾಡೂ ನಿಂತುಹೋಯಿತು

ರೇಷ್ಮೆಗೂಡು, ಶಿಡ್ಲಘಟ್ಟ ಕಡೆ
ಭಾನುವಾರ ರಾತ್ರಿ

ಎಲ್ಲರಿಗೂ ವಂದನೆ. ಬೆಳಗ್ಗೆ ಆರಾಧನೆಯಲ್ಲಿ ನಡೆದ ಒಂದು ಸಂಗತಿ ಇಷ್ಟು ಹೊತ್ತಾದರೂ ಮನಸ್ಸು ಬಿಟ್ಟು ಹೋಗುತ್ತಿಲ್ಲ. ಅದಕ್ಕೇ ಬರೆಯಲು ಕೂತೆ. ನಮ್ಮದು ಚಿಕ್ಕ ಸಭೆ. ಊರಿನ ಹೆಸರು ಬೇಡ, ಯಾರನ್ನೂ ದೂರಲು ಬರೆಯುತ್ತಿಲ್ಲ. ದೂರಿದರೆ ಅದರಲ್ಲಿ ನಾನೂ ಒಬ್ಬಳು.

ಎರಡು ವರ್ಷದ ಹಿಂದೆ ನಾವೇ ಕಾಣಿಕೆ ಕೂಡಿಸಿ ಹೊಸ ಸೌಂಡ್ ಸಿಸ್ಟಂ ಹಾಕಿಸಿದೆವು. ಕೀಬೋರ್ಡ್ ಬಂತು, ರಿದಂ ಪ್ಯಾಡ್ ಬಂತು, ಮುಂದೆ ನಿಂತು ಹಾಡುವ ಐದು ಮಂದಿಗೆ ಐದು ಮೈಕು, ಗೋಡೆ ಮೇಲೆ ಪರದೆ. ಹಾಡಿನ ಪುಸ್ತಕಗಳನ್ನು ಕಟ್ಟಿ ಬೀರುವಿನಲ್ಲಿಟ್ಟೆವು. ಇವತ್ತು ಎರಡನೇ ಹಾಡಿನ ಮೂರನೇ ಚರಣದ ಮಧ್ಯದಲ್ಲಿ ಕರೆಂಟ್ ಹೋಯಿತು. ಕೀಬೋರ್ಡ್ ನಿಂತಿತು, ಪರದೆ ಕಪ್ಪಾಯಿತು. ಮುಂದಿದ್ದವರು ಮೈಕಿಲ್ಲದ ದನಿಯಲ್ಲಿ ಇನ್ನರ್ಧ ಸಾಲು ಎಳೆದು ಸುಮ್ಮನಾದರು. ಆಮೇಲೆ ಏನೂ ಇಲ್ಲ. ತಲೆ ಮೇಲಿನ ಫ್ಯಾನು ನಿಧಾನವಾಗಿ ಸುತ್ತಿ ನಿಲ್ಲುವ ಸದ್ದು ಕೇಳಿಸಿತು. ಎಂಬತ್ತು ಜನ ಕೈಕಟ್ಟಿ ನಿಂತಿದ್ದೆವು, ಒಬ್ಬರ ಬಾಯಲ್ಲೂ ಹಾಡಿರಲಿಲ್ಲ. ಅಂದರೆ ಅಷ್ಟು ಹೊತ್ತೂ ನಾವು ಯಾರೂ ಹಾಡುತ್ತಿರಲಿಲ್ಲ. ಕೇಳುತ್ತಿದ್ದೆವು ಅಷ್ಟೇ.

ನಾನು ಚಿಕ್ಕವಳಿದ್ದಾಗ ಸಂಜೆ ಪ್ರಾರ್ಥನಾ ಕೂಟದಲ್ಲಿ ಕರೆಂಟ್ ಹೋಗುವುದು ದಿನದ ಮಾತಾಗಿತ್ತು. ಲಾಟೀನು ಹಚ್ಚುವವರೆಗೆ ಹಾಡು ಇನ್ನೂ ಜೋರಾಗುತ್ತಿತ್ತು. ಕತ್ತಲಲ್ಲಿ ನಾಚಿಕೆ ಇರುವುದಿಲ್ಲವಲ್ಲ.

ಇವತ್ತು ಹಾಡನ್ನು ಎತ್ತಿಕೊಂಡವರು ಒಬ್ಬ ಅಜ್ಜಿ. ಎಂಬತ್ತು ದಾಟಿದವರು, ಅಕ್ಷರ ಬಾರದು. ಆಯುಷ್ಯದ ಮುಕ್ಕಾಲು ಪಾಲು ರೇಷ್ಮೆ ರೀಲಿಂಗ್‌ನಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ಎಳೆ ಹುಡುಕಿದವರು. ಅವರ ಬೆರಳ ತುದಿ ನೋಡಿದರೆ ಗೊತ್ತಾಗುತ್ತದೆ, ಚರ್ಮ ಬಿಳಚಿ ಗೆರೆಯೇ ಅಳಿಸಿಹೋಗಿದೆ. ಚಾಪೆ ಮೇಲೆ ಕೂತಲ್ಲಿಂದಲೇ, ಕಣ್ಣು ಮುಚ್ಚಿಕೊಂಡು, ನಿಂತುಹೋಗಿದ್ದ ಸಾಲಿನಿಂದಲೇ ಹಿಡಿದರು. ಮೂರನೇ ಚರಣ ಮುಗಿಸಿ ನಾಲ್ಕನೆಯದಕ್ಕೆ ಹೋದರು. ನಮ್ಮಲ್ಲಿ ಅರ್ಧ ಜನಕ್ಕೆ ನಾಲ್ಕನೇ ಚರಣ ಬರಲೇ ಇಲ್ಲ. ಅಜ್ಜಿ ಅದನ್ನು ಗಮನಿಸಿ ಒಂದೊಂದು ಸಾಲು ಹೇಳಿ ನಿಲ್ಲಿಸಿದರು. ಅವರು ಸಾಲು ಕೊಟ್ಟರು, ನಾವು ಹಿಡಿದೆವು. ಹಾಗೆ ಮುಗಿಯಿತು.

ನಿಮ್ಮ ಕಡೆ ಹೇಗಿದೆ? ಜನ ಹಾಡುತ್ತಾರೋ, ಹಾಡಿಸಿಕೊಂಡು ಬರುತ್ತಾರೋ? ಸುಮ್ಮನೆ ಕೇಳಿ ಬಂದರೆ ನಿಜಕ್ಕೂ ಏನು ಕಳೆದುಕೊಳ್ಳುತ್ತೇವೆ? ನನಗೆ ಏನೋ ಕಳೆದಿದೆ ಅನ್ನುವುದು ಗೊತ್ತು. ಏನೆಂದು ಹೇಳಲು ಬರುತ್ತಿಲ್ಲ.

ಕೀಬೋರ್ಡ್ ಹುಡುಗ, ತುಮಕೂರು

ಅಕ್ಕ, ಒಂದು ಯುಪಿಎಸ್ ಹಾಕಿಸಿದರೆ ಈ ಸಮಸ್ಯೆ ಬರುವುದಿಲ್ಲ. ನಮ್ಮಲ್ಲಿ ಹಾಕಿಸಿದ್ದೇವೆ.

ಆದರೆ ನಿಮ್ಮ ಮಾತು ನನಗೂ ತಟ್ಟಿತು. ನಾನು ಮುಂದೆ ಕೂತು ನುಡಿಸುವವನು. ನಮ್ಮ ಕಡೆಯದನ್ನೂ ಹೇಳುತ್ತೇನೆ. ವಾದ್ಯ ಬರುವ ಮುಂಚೆ ನಮ್ಮ ಸಭೆಯಲ್ಲಿ ಯುವಕರು ಆರು ಜನ ಇದ್ದರು. ಈಗ ಮೂವತ್ತು ಚಿಲ್ಲರೆ. ಶನಿವಾರ ಸಂಜೆ ಅಭ್ಯಾಸಕ್ಕೆ ಬರುತ್ತಾರೆ, ಅಲ್ಲೇ ಪ್ರಾರ್ಥನೆ ಮಾಡುತ್ತಾರೆ, ಪರೀಕ್ಷೆ, ಮನೆ ತೊಂದರೆ ಎಲ್ಲ ಅಲ್ಲೇ ಹೇಳಿಕೊಳ್ಳುತ್ತಾರೆ. ವಾದ್ಯ ಇಲ್ಲದಿದ್ದರೆ ಅವರಲ್ಲಿ ಅರ್ಧ ಜನ ಬಾಗಿಲು ದಾಟಿ ಒಳಗೆ ಬರುತ್ತಿರಲಿಲ್ಲ. ನಾನೂ ಬರುತ್ತಿರಲಿಲ್ಲ.

ಜನ ಹಾಡುತ್ತಿಲ್ಲ ಅನ್ನುವುದು ಮುಂದೆ ಕೂತವರಿಗೆ ಗೊತ್ತಾಗುವುದೇ ಇಲ್ಲ ಅಕ್ಕ. ನಮ್ಮ ಕಿವಿಗೆ ಬರುವುದು ನಮ್ಮ ಕಡೆ ತಿರುಗಿಸಿಟ್ಟ ಮಾನಿಟರ್ ಸ್ಪೀಕರಿನ ಸದ್ದು ಮಾತ್ರ. ನೀವು ಹಾಡಿದರೂ ಕೇಳಿಸದು, ಹಾಡದಿದ್ದರೂ ಕೇಳಿಸದು. ಏನು ಮಾಡಬೇಕು ಹೇಳಿ, ಮಾಡುತ್ತೇವೆ.

ರೇಷ್ಮೆಗೂಡು

ನನ್ನ ಚಿಂತೆ ಯುಪಿಎಸ್ ಅಲ್ಲ ತಮ್ಮಾ. ಆದರೆ ನಿಮ್ಮ ಕೊನೆಯ ಮಾತು ಓದಿ ಕಣ್ಣು ತೆರೆದಂತಾಯಿತು. ನಮ್ಮ ಹುಡುಗರಿಗೆ ನಾವು ಕೇಳಿಸುವುದಿಲ್ಲ ಎಂದು ನಾನು ಯೋಚಿಸಿಯೇ ಇರಲಿಲ್ಲ. ಅವರಿಗೆ ಸೊಕ್ಕು ಅಂದುಕೊಂಡಿದ್ದೆ. ತಪ್ಪು ನನ್ನದು.

ಕ್ವಾಯರ್ ಮೇಷ್ಟ್ರು, ತುಮಕೂರು

ನಲವತ್ತು ವರ್ಷ ಹಾಡು ಕಲಿಸಿದವನಾಗಿ ಎರಡು ಮಾತು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿರಲಿ.

ಕೀಬೋರ್ಡ್ ಹುಡುಗನಿಗೆ ಮೊದಲು ಕೆಲಸದ ಮಾತು. ಹಾಡಿನ ಶ್ರುತಿ ಇಳಿಸಿ ಮಗು. ಯೂಟ್ಯೂಬಿನಲ್ಲಿ ಹಾಡಿದವರು ಕಲಿತ ಗಾಯಕರು, ಅವರ ಗಂಟಲಿಗೆ ಕೂರುವ ಸ್ಕೇಲನ್ನೇ ನೀವು ತಂದು ನುಡಿಸುತ್ತೀರಿ. ಪಲ್ಲವಿ ಮೇಲಕ್ಕೇರಿದಾಗ ಹೊಲದಲ್ಲಿ ದುಡಿದು ಬಂದ ಗಂಡಸರು ಒಂದೋ ಕೆಳಗಿನ ಸ್ಥಾಯಿಗೆ ಜಾರುತ್ತಾರೆ, ಇಲ್ಲವೇ ಬಾಯಿ ಮುಚ್ಚುತ್ತಾರೆ. ಎರಡು ಮೂರು ವಾರ ಬಾಯಿ ಮುಚ್ಚಿದವರು ಆಮೇಲೆ ತೆರೆಯುವುದಿಲ್ಲ. ನಿಮ್ಮ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಇದೆ, ಎರಡು ಮೂರು ಮೆಟ್ಟಿಲು ಇಳಿಸಿ ನೋಡಿ. ಮತ್ತೊಂದು, ಹೊಸ ಹಾಡನ್ನು ಆರಾಧನೆಗೆ ಹತ್ತು ನಿಮಿಷ ಮುಂಚೆ ಜನಕ್ಕೆ ಕಲಿಸಿ, ನಾಲ್ಕು ವಾರ ಅದನ್ನೇ ಹಾಡಿಸಿ. ವಾರಕ್ಕೊಂದು ಹೊಸದು ತಂದರೆ ಅದು ನಿಮ್ಮ ಹಾಡಾಗಿಯೇ ಉಳಿಯುತ್ತದೆ.

ಇನ್ನು ಇದು ಇಂದಿನ ಜಗಳವಲ್ಲ. ನಾಲ್ಕನೇ ಶತಮಾನದಲ್ಲಿ ಈಗಿನ ಟರ್ಕಿಯಲ್ಲಿರುವ ಲವೊದಿಕೀಯದಲ್ಲಿ ಸೇರಿದ ಸಭಾಧ್ಯಕ್ಷರ, ಅಂದರೆ ಬಿಷಪ್‌ಗಳ, ಕೂಟ, ನೇಮಕವಾದ ಹಾಡುಗಾರರು ಬಿಟ್ಟು ಬೇರೆಯವರು ಚರ್ಚಿನಲ್ಲಿ ಹಾಡಕೂಡದೆಂದು ನಿಯಮ ಮಾಡಿತು. ಹಾಡು ಕೆಡಬಾರದೆಂಬ ಕಾಳಜಿ ಇದ್ದಿರಬಹುದು. ಆದರೆ ಮುಂದೆ ಹೋಗುತ್ತ ಹೋಗುತ್ತ ಪಶ್ಚಿಮದ ಚರ್ಚುಗಳಲ್ಲಿ ಹಾಡು ಪಾದ್ರಿಗಳ ಮತ್ತು ತಂಡದ ಸ್ವತ್ತಾಯಿತು, ಜನ ನೋಡುವವರಾದರು. 1524ರಲ್ಲಿ ಜರ್ಮನಿಯ ಚರ್ಚ್ ಸುಧಾರಕ ಲೂಥರನ ಕಡೆಯವರು ಎಂಟೇ ಎಂಟು ಹಾಡಿನ ಒಂದು ಸಣ್ಣ ಪುಸ್ತಕ ಜನರ ಭಾಷೆಯಲ್ಲಿ ಅಚ್ಚು ಹಾಕಿಸಿದ್ದು ಹಾಡನ್ನು ಬೆಂಚಿಗೆ ಮರಳಿ ಕೊಡುವುದಕ್ಕೆ. ಅದೇ ಕಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಇನ್ನೊಬ್ಬ ಸುಧಾರಕ ಜ್ವಿಂಗ್ಲಿ ಆರಾಧನೆಯಿಂದ ಸಂಗೀತವನ್ನೇ ತೆಗೆಸಿದ. ಒಂದೇ ಸುಧಾರಣೆಯೊಳಗೆ ಎರಡು ದಾರಿ.

ನಮ್ಮ ತುಮಕೂರು ಸೀಮೆಗೆ ಈ ಹಾಡು ಬಂದದ್ದು ಬಹುಪಾಲು ವೆಸ್ಲಿಯನ್ ಮಿಷನರಿಗಳಿಂದ. 1830ರ ದಶಕದಲ್ಲೇ ಅವರು ಗುಬ್ಬಿಯಲ್ಲಿ ನೆಲೆಯೂರಿದ್ದರು. ಆ ಪಂಥದ ಮೂಲಪುರುಷ ಜಾನ್ ವೆಸ್ಲಿ 1761ರಲ್ಲಿ ಹಾಡುವವರಿಗಾಗಿ ಏಳು ಸೂಚನೆ ಬರೆದ. ನಾನು ಪ್ರತಿ ವರ್ಷ ಹೊಸ ಮಕ್ಕಳಿಗೆ ಅದನ್ನೇ ಮೊದಲು ಹೇಳುತ್ತಿದ್ದೆ. ಎಲ್ಲರೂ ಹಾಡಿ, ಸ್ವಲ್ಪ ನಿಶ್ಶಕ್ತಿ, ಸ್ವಲ್ಪ ಆಯಾಸ ಎಂದು ತಪ್ಪಿಸಿಕೊಳ್ಳಬೇಡಿ ಅನ್ನುತ್ತಾನೆ. ಅರ್ಧ ಸತ್ತವರ ಹಾಗೆ ಹಾಡಬೇಡಿ ಅನ್ನುತ್ತಾನೆ. ಅದರ ಬೆನ್ನಿಗೇ, ಮಿಕ್ಕವರ ದನಿಯ ಮೇಲೆ ನಿಮ್ಮ ದನಿ ಎದ್ದು ಕೇಳುವ ಹಾಗೆ ಅರಚಬೇಡಿ, ಒಂದಾಗಿ ಬೆರೆಯಿರಿ ಅನ್ನುತ್ತಾನೆ. ಬೆಂಚಿನವರಿಗೆ ಒಂದು, ಮೈಕಿನವರಿಗೆ ಇನ್ನೊಂದು. ಮೈಕು ಆಗ ಇರಲಿಲ್ಲ, ಮನುಷ್ಯ ಮಾತ್ರ ಇವನೇ ಇದ್ದ.

ಒಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ನಮ್ಮ ಹಳೆಯ ಹಾಡುಗಳಲ್ಲಿ ಬಹಳಷ್ಟು ಇಂಗ್ಲಿಷ್ ರಾಗಕ್ಕೆ ಕನ್ನಡ ಮಾತು ಹೊಂದಿಸಿದವು. ಆ ರಾಗಗಳು ನಡೆಯುವುದು ಒತ್ತಿನ ಮೇಲೆ, ಕನ್ನಡ ನಡೆಯುವುದು ಹ್ರಸ್ವ ದೀರ್ಘದ ಮೇಲೆ. ರಾಗ ಎಳೆದ ಕಡೆ ಹ್ರಸ್ವ ಬಂದರೆ ಮಾತು ಕೆಡುತ್ತದೆ. "ಬಲ" ಅನ್ನುವ ಮಾತು ಎಳೆತಕ್ಕೆ ಸಿಕ್ಕಿ "ಬಾಲ" ಆಗುವುದನ್ನು ಕೇಳಿ ಸಂಡೇ ಸ್ಕೂಲ್ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದವು. ಅವರನ್ನು ಗದರಿಸಲು ನನಗೆ ಮನಸ್ಸು ಬರುತ್ತಿರಲಿಲ್ಲ, ತಪ್ಪು ಮಕ್ಕಳದಲ್ಲವಲ್ಲ. ಕಿಟೆಲ್ ಇದನ್ನು ಬೇಗ ಕಂಡುಕೊಂಡವರು. ನಿಘಂಟಿನ ಕಿಟೆಲ್ ಎಂದೇ ಎಲ್ಲರಿಗೂ ಗೊತ್ತು, ಆದರೆ ಅದಕ್ಕಿಂತ ಮೂವತ್ತು ವರ್ಷ ಮುಂಚೆ, 1862ರಲ್ಲಿ, ಅವರು ಕ್ರಿಸ್ತನ ಚರಿತ್ರೆಯನ್ನು ಕನ್ನಡದ್ದೇ ಛಂದಸ್ಸಿನಲ್ಲಿ "ಕಥಾಮಾಲೆ" ಎಂದು ಪದ್ಯವಾಗಿ ಬರೆದರು. ಆ ದಾರಿಯಲ್ಲಿ ನಾವು ಸಾಕಷ್ಟು ನಡೆಯಲಿಲ್ಲ. ಜನರ ಬಾಯಿಗೆ ಕೂರದ ಹಾಡನ್ನು ಕೊಟ್ಟು ಜನ ಹಾಡುತ್ತಿಲ್ಲ ಎಂದರೆ ನ್ಯಾಯವಲ್ಲ.

ಬಾಗಿಲು ಮುಚ್ಚಿ, ಕೋಲಾರ

ನಾನು ಚರ್ಚಿಗೆ ಹೋಗುವುದು ಬಿಟ್ಟು ಮೂರು ವರ್ಷವಾಯಿತು. ವಿಶ್ವಾಸ ಬಿಟ್ಟಿಲ್ಲ. ಬೆಳಗ್ಗೆ ಎದ್ದು ಬೈಬಲ್ ವಾಕ್ಯ ಓದುತ್ತೇನೆ, ಪ್ರಾರ್ಥನೆ ಮಾಡುತ್ತೇನೆ. ಪ್ರಸಂಗ ಬೇಕೆಂದರೆ ಫೋನಿನಲ್ಲಿ ನಮ್ಮ ಪಾದ್ರಿ ಅಯ್ಯನವರಿಗಿಂತ ಚೆನ್ನಾಗಿ ಹೇಳುವವರು ನೂರು ಜನ ಇದ್ದಾರೆ. ಹಾಡು ಬೇಕೆಂದರೆ ಸಾವಿರ ಇವೆ. ಪ್ರಾರ್ಥಿಸುವಾಗ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿಕೋ ಎಂದು ಹೇಳಿದವನು ಯೇಸುವೇ. ಬೈಬಲಿನಲ್ಲಿ ಮತ್ತಾಯ ಆರನೇ ಅಧ್ಯಾಯ. ಹಾಗಿದ್ದಮೇಲೆ ಕೂಡಿ ಹಾಡಲೇಬೇಕೆನ್ನುವುದು ಯಾಕೆ?

ಬಿಟ್ಟದ್ದು ಯಾಕೆಂದೂ ಹೇಳುತ್ತೇನೆ. ನಮ್ಮ ತಂದೆ ಪಾರ್ಶ್ವವಾಯು ಬಡಿದು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಮೂವತ್ತು ವರ್ಷ ಅದೇ ಚರ್ಚಿನಲ್ಲಿ ಗಂಟೆ ಹೊಡೆದವರು. ನಾಲ್ಕು ತಿಂಗಳಲ್ಲಿ ಮನೆಗೆ ಬಂದವರು ಮೂರು ಜನ. ತೀರಿಕೊಂಡ ದಿನ ಇಡೀ ಕ್ವಾಯರ್ ಬಂತು, ಬಹಳ ಚೆನ್ನಾಗಿ ಹಾಡಿದರು. ನಾನು ಹೊಸಿಲ ಮೇಲೆ ನಿಂತು ಕೇಳಿದೆ. ಆ ಹಾಡಿನಲ್ಲಿ ಒಂದನ್ನು ಬದುಕಿದ್ದಾಗ ಅವರ ಮಂಚದ ಪಕ್ಕ ಹಾಡಿದ್ದರೆ ಅವರಿಗೆ ಕೇಳಿಸುತ್ತಿತ್ತು. ನಿನ್ನ ಹಾಡುಗಳ ಗದ್ದಲ ನನ್ನಿಂದ ತೊಲಗಲಿ ಎಂದು ಪ್ರವಾದಿ ಆಮೋಸನ ಬಾಯಲ್ಲಿ ದೇವರೇ ಹೇಳಿದ್ದಾನೆ. ಅದನ್ನೂ ಯಾರಾದರೂ ಹಾಡಲಿ.

ರೇಷ್ಮೆಗೂಡು

ಅಣ್ಣಾ, ನಿಮ್ಮ ಬರಹ ಎರಡು ಸಲ ಓದಿದೆ. ಇದಕ್ಕೆ ಸಮರ್ಥನೆ ಇಲ್ಲ. ನಿಮ್ಮ ತಂದೆಯವರ ಪಕ್ಕದಲ್ಲಿ ಹಾಡಬೇಕಿತ್ತು. ನಮ್ಮ ಸಭೆಯಲ್ಲೂ ಹೀಗೆ ಯಾರ ಮನೆಗೋ ಹೋಗದೆ ಉಳಿದಿದ್ದೇವೆ, ನನಗೇ ಇಬ್ಬರ ಮುಖ ಕಣ್ಣಮುಂದೆ ಬಂತು. ಒಬ್ಬರ ಮನೆಗೆ ನಾಳೆಯೇ ಹೋಗುತ್ತೇನೆ.

ಕೋಣೆಯ ಮಾತಿಗೆ ಮಾತ್ರ ಒಂದು ಹೇಳಬೇಕೆನಿಸಿತು. ಬಾಗಿಲು ಮುಚ್ಚಿಕೋ ಎಂದು ಹೇಳಿದ ಅದೇ ಅಧ್ಯಾಯದಲ್ಲಿ, ಮೂರು ವಚನ ಕೆಳಗೆ, ಪ್ರಾರ್ಥನೆ ಕಲಿಸುವಾಗ "ನಮ್ಮ ತಂದೆಯೇ" ಅನ್ನುತ್ತಾನೆ. ಒಬ್ಬನೇ ಕೋಣೆಯಲ್ಲಿ ಕೂತವನ ಬಾಯಲ್ಲೂ "ನಮ್ಮ" ಎಂದೇ ಇಡುತ್ತಾನೆ. ಯೇಸುವನ್ನು ಹಿಡಿಯಲು ಬಂದ ರಾತ್ರಿಯೂ ಅಷ್ಟೇ, ಊಟ ಮುಗಿಸಿ ಶಿಷ್ಯರ ಜೊತೆ ಕೀರ್ತನೆ ಹಾಡಿಯೇ ಎಣ್ಣೆಮರಗಳ ಗುಡ್ಡಕ್ಕೆ ಹೊರಟದ್ದು. ಗುಡ್ಡದಲ್ಲಿ ಒಬ್ಬನೇ ಪ್ರಾರ್ಥಿಸಿದ. ಅದಕ್ಕೆ ಮುಂಚೆ ಕೂಡಿ ಹಾಡಿದ. ಎರಡೂ ಒಂದೇ ರಾತ್ರಿ.

ಮಾರಿಕುಪ್ಪಂ ರೈಲು, ಕೆಜಿಎಫ್

ಕೋಲಾರದ ಅಣ್ಣನಿಗೆ ನಮ್ಮ ಅಪ್ಪನ ವಿಷಯ ಹೇಳಬೇಕು. ನನ್ನ ಕನ್ನಡ ಸ್ವಲ್ಪ ಹೀಗೇ, ಮನೆಯಲ್ಲಿ ತಮಿಳು.

ಅಪ್ಪ ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ. ಆ ಗಣಿ ಭೂಮಿಯೊಳಗೆ ಮೂರು ಕಿಲೋಮೀಟರಿಗಿಂತ ಆಳ. ಬಂಡೆ ಸಿಡಿಯುವುದಕ್ಕೆ ನಮ್ಮ ಕಡೆ ಏರ್‌ಬ್ಲಾಸ್ಟ್ ಅನ್ನುತ್ತಾರೆ, ಮನೆಯ ಪಾತ್ರೆ ಅಲ್ಲಾಡುತ್ತಿತ್ತು. ಪಾತ್ರೆ ಅಲ್ಲಾಡಿದರೆ ನಮ್ಮ ಲೈನಿನ, ಅಂದರೆ ಗಣಿ ಕೆಲಸದವರ ಮನೆಸಾಲಿನ, ಹೆಂಗಸರೆಲ್ಲ ಹೊರಗೆ ಬಂದು ನಿಲ್ಲುತ್ತಿದ್ದರು. ಯಾರ ಮನೆಯ ಶಿಫ್ಟು ಎಂದು ಗೊತ್ತಾಗುವವರೆಗೆ ಒಬ್ಬರು ಹಾಡು ಶುರು ಮಾಡುತ್ತಿದ್ದರು, ಮೆಲ್ಲಗೆ ಎಲ್ಲರೂ ಸೇರುತ್ತಿದ್ದರು. ಆ ಹೆಂಗಸರು ಹಾಡಿದ್ದು ಚೆನ್ನಾಗಿತ್ತೋ ಇಲ್ಲವೋ ಯಾರೂ ಕೇಳಿಲ್ಲ. ಬೀದಿಯಲ್ಲಿ ಬೇರೆ ಏನು ಮಾಡಲು ಸಾಧ್ಯವಿತ್ತು?

2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅದರ ಮೇಲಿನ ಭಾನುವಾರ ಚರ್ಚ್ ತುಂಬಿತ್ತು. ಸ್ತೋತ್ರದ ಹಾಡು ಎತ್ತಿದರು. ಅಪ್ಪ ಬೇಸ್, ಅಂದರೆ ಗಂಡಸರ ಕೆಳದನಿಯ ಭಾಗ, ಹಾಡುವವರು, ಊರಿಗೇ ಗೊತ್ತಿದ್ದ ದನಿ. ಅವತ್ತು ಪುಸ್ತಕ ತೆರೆದು ಹಿಡಿದು ನಿಂತರು, ಬಾಯಿ ತೆರೆಯಲಿಲ್ಲ. ಮನಸ್ಸು ಬಾರದೆ ಹಾಡುವುದು ಸುಳ್ಳಲ್ಲವೇ, ಅವರು ಸುಳ್ಳಾಡುವವರಲ್ಲ. ಪಕ್ಕದಲ್ಲಿ ಅವರ ಶಿಫ್ಟಿನ ಗೆಳೆಯರು ನಿಂತಿದ್ದರು, ಅವರಿಗೂ ಕೆಲಸ ಹೋಗಿತ್ತು. ಅವರು ಅಪ್ಪನ ಕಡೆ ತಿರುಗಿ ನೋಡಲಿಲ್ಲ, ಏನೂ ಕೇಳಲಿಲ್ಲ. ತಮ್ಮ ಮೇಲುದನಿಯ ಟೆನರ್ ಬಿಟ್ಟು ಅಪ್ಪನ ಬೇಸ್ ಭಾಗವನ್ನು ಹಾಡಿದರು. ಅಪ್ಪ ಹಾಡದ ಅಷ್ಟೂ ವಾರ ಅವರೇ ಅದನ್ನು ಹಾಡಿದರು. ಅಪ್ಪ ಆರು ತಿಂಗಳು ಹಾಡಲಿಲ್ಲ, ಆರು ತಿಂಗಳು ತಪ್ಪದೆ ಹೋದರು. ಒಂದು ಭಾನುವಾರ ಮೂರನೇ ಹಾಡಿಗೆ ಸೇರಿಕೊಂಡರು. ಗೆಳೆಯರು ಅಲ್ಲೇ, ಅದೇ ಸಾಲಿನಲ್ಲಿ, ತಮ್ಮ ಟೆನರಿಗೆ ಹೋದರು.

ನಾನು ಈಗ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಬರುವವನು, ಕೆಜಿಎಫ್‌ನಲ್ಲಿ ಅರ್ಧ ಊರು ಹಾಗೇ. ವಾರಕ್ಕೆ ಒಂದೇ ದಿನ ಊರಿನ ಮುಖ ಹಗಲಿನಲ್ಲಿ ನೋಡುವುದು. ಫೋನಿನಲ್ಲಿ ಹಾಡು ಕೇಳಬಹುದು ಅಣ್ಣಾ, ರೈಲಿನಲ್ಲಿ ನಾನೂ ಕೇಳುತ್ತೇನೆ. ನಾನು ಸುಮ್ಮನಾದರೆ ಫೋನಿಗೆ ಗೊತ್ತಾಗುವುದಿಲ್ಲ.

ದೇವರಾಯನದುರ್ಗ, ತುಮಕೂರು

ನಾವು ಕಥೋಲಿಕರು. ಮೇಲಿನ ಬರಹ ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ.

ನಮ್ಮ ತಾತನ ಕಾಲದಲ್ಲಿ ಪೂಜೆ ಲ್ಯಾಟಿನ್‌ನಲ್ಲಿ. ತಾತ ಜೋಳ, ರಾಗಿ ಬೆಳೆಯುವ ರೈತ, ಆದರೆ ಲ್ಯಾಟಿನ್ ಉತ್ತರಗಳನ್ನು ಬಾಯಿಪಾಠ ಹೇಳುತ್ತಿದ್ದರು. ಅರ್ಥ ಕೇಳಿದರೆ "ದೇವರಿಗೆ ಗೊತ್ತು" ಅನ್ನುತ್ತಿದ್ದರು. 1963ರ ಡಿಸೆಂಬರ್ 4ರಂದು ನಮ್ಮ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಬಗ್ಗೆ ಹೊರಡಿಸಿದ ಶಾಸನದಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು, ಜನ ಪ್ರೇಕ್ಷಕರಾಗಿ ಕೂರದೆ ಪೂರ್ತಿಯಾಗಿ ಪಾಲ್ಗೊಳ್ಳಬೇಕೆಂದು ಹೇಳಿತು. ಕನ್ನಡದಲ್ಲಿ ಮೊದಲ ಸಲ ಪೂಜೆಯಲ್ಲಿ ಉತ್ತರ ಕೊಟ್ಟಾಗ ತಾತ ಪಕ್ಕದವರ ಕೈ ಹಿಡಿದುಕೊಂಡರಂತೆ, ಅಜ್ಜಿ ಹೇಳುತ್ತಿದ್ದರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೇ ಸೇರಿದವು. ಆರಾಧನೆ ಯಾವ ಭಾಷೆಯಲ್ಲಿ ಆಗಬೇಕೆಂದು ಅಲ್ಲಿ ಎಷ್ಟು ನೋವಿನ ಹೋರಾಟ ನಡೆಯಿತೆಂದು ಇಲ್ಲಿಯವರಿಗೆ ಗೊತ್ತು. ಹಾಡು ಬರೀ ಅಲಂಕಾರವಾಗಿದ್ದರೆ ಜನ ಅದಕ್ಕಾಗಿ ಇಷ್ಟು ವರ್ಷ ಮನಸ್ಸು ನೋಯಿಸಿಕೊಳ್ಳುತ್ತಿರಲಿಲ್ಲ.

ಮತ್ತೆ ರೇಷ್ಮೆಗೂಡು ಅಕ್ಕ ಬರೆದ ಅಜ್ಜಿ ಸಾಲು ಕೊಟ್ಟದ್ದು, ನೀವು ಹಿಡಿದದ್ದು ಇದೆಯಲ್ಲ, ಅದು ಬಹಳ ಹಳೆಯ ಕ್ರಮ. ನಮ್ಮ ಪೂಜೆಯಲ್ಲಿ ಕೀರ್ತನೆ ಇವತ್ತಿಗೂ ಹಾಗೇ, ಒಬ್ಬರು ಚರಣ ಹೇಳುತ್ತಾರೆ, ಜನ ಶ್ಲೋಕ, ಅಂದರೆ ಪಲ್ಲವಿ, ತಿರುಗಿ ಹಾಡುತ್ತಾರೆ. ಓದು ಬಾರದವರೂ ಪೂರ್ತಿ ಪಾಲುದಾರರು. ಸುಮಾರು ಕ್ರಿ.ಶ. 112ರಲ್ಲಿ ಪ್ಲಿನಿ ಎಂಬ ರೋಮನ್ ಅಧಿಕಾರಿ ಚಕ್ರವರ್ತಿಗೆ ಬರೆದ ಕಾಗದವಿದೆ. ಕ್ರೈಸ್ತರನ್ನು ಹಿಡಿದು ವಿಚಾರಿಸಿ ವರದಿ ಕೊಟ್ಟದ್ದು. ಇವರು ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂಬಂತೆ ಕೊಂಡಾಡಿ ಒಬ್ಬರ ನಂತರ ಒಬ್ಬರು ಸರದಿಯಂತೆ ಹಾಡುತ್ತಾರೆ ಎಂದು ಬರೆಯುತ್ತಾನೆ. ಆಗ ಚರ್ಚಿನ ಕಟ್ಟಡ ಇರಲಿಲ್ಲ, ಪುಸ್ತಕ ಬಹಳ ಜನಕ್ಕೆ ಇರಲಿಲ್ಲ. ಹೊರಗಿನವನ ವರದಿಯಲ್ಲೂ ಮೊದಲು ಬರುವುದು ಇದೇ, ಸೇರುತ್ತಾರೆ, ಹಾಡುತ್ತಾರೆ.

ನೈಟ್ ಡ್ಯೂಟಿ, ಚಿಕ್ಕಬಳ್ಳಾಪುರ

ನಾನು ನರ್ಸ್. "ಏನು ಕಳೆದುಕೊಳ್ಳುತ್ತೇವೆ" ಎಂಬ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಕೋವಿಡ್‌ನಲ್ಲಿ.

2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದವರು 61 ಜನ. ಖಚಿತವಾದವರು, ಲಕ್ಷಣ ಇದ್ದವರು ಸೇರಿ 53 ಮಂದಿಗೆ ಸೋಂಕು, ಇಬ್ಬರು ತೀರಿಕೊಂಡರು. ಹಾಡುವಾಗ ಮಾತಿಗಿಂತ ಹೆಚ್ಚು ಉಸಿರ ಹನಿ ಹೊರಬರುತ್ತದೆ, ಆಳವಾಗಿ ಒಳಕ್ಕೂ ಹೋಗುತ್ತದೆ. ಅದಕ್ಕೇ ಆ ವರ್ಷ ಜೂನ್ 8ಕ್ಕೆ ನಮ್ಮ ದೇಶದಲ್ಲಿ ಪ್ರಾರ್ಥನಾ ಮಂದಿರಗಳು ತೆರೆದಾಗ ಕೂಡಿ ಹಾಡುವುದು ಬೇಡ ಎಂದೇ ಇತ್ತು. ನಾನೇ ನಮ್ಮ ಸಭೆಯಲ್ಲಿ ಎದ್ದು ನಿಂತು ಹಾಡಬೇಡಿ ಎಂದು ಹೇಳಿದವಳು. ಹೇಳುವಾಗ ಗಂಟಲು ಕಟ್ಟಿತು. ಆದರೆ ಯೋಚಿಸಿ, ಕಾಯಿಲೆ ದಾಟಿಸುವಷ್ಟು ಹತ್ತಿರ ತರುವ ಕೆಲಸ ಅದು. ಒಬ್ಬರ ಉಸಿರನ್ನು ಇನ್ನೊಬ್ಬರು ಉಸಿರಾಡುತ್ತೇವೆ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು ಕೂಡಿ ಹಾಡುವವರ ಎದೆಬಡಿತ ಅಳೆದು ನೋಡಿದರು. ಸಾಲು ಮುಗಿದ ಕಡೆ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳುವುದರಿಂದ ಎದೆಬಡಿತಗಳೂ ಒಟ್ಟಿಗೆ ಏರಿ ಇಳಿಯುತ್ತಿದ್ದವು.

2021ರ ಎರಡನೇ ಅಲೆಯಲ್ಲಿ ನಮ್ಮ ಸಭೆಯ ಒಬ್ಬ ಅಮ್ಮ ಹೋದರು. ಸಮಾಧಿಗೆ ಪಿಪಿಇ ಹಾಕಿದ ನಾಲ್ಕು ಜನ, ಮಕ್ಕಳು ಗೇಟಿನ ಆಚೆ. ಹಾಡದೆ ಮಣ್ಣು ಮಾಡಬಾರದೆಂದು ಮಗಳು ಅತ್ತಳು. ಫೋನಿನಲ್ಲಿ ಗೂಗಲ್ ಮೀಟ್ ಹಾಕಿ, ಅವರವರ ಮನೆಯಿಂದ ಇಪ್ಪತ್ತು ಜನ ಸೇರಿ, ನಾನು ಫೋನು ಎತ್ತಿ ಹಿಡಿದೆ. ಹಾಡು ಕೂಡಲೇ ಇಲ್ಲ. ಒಬ್ಬರ ದನಿ ಇನ್ನೊಬ್ಬರಿಗೆ ತಲುಪುವಷ್ಟರಲ್ಲಿ ತಡವಾಗುತ್ತದೆ, ಅವರು ಇವರಿಗೆ ಕಾಯುತ್ತಾರೆ, ಇವರು ಅವರಿಗೆ ಕಾಯುತ್ತಾರೆ, ಹಾಡು ಎಳೆದು ಎಳೆದು ಹರಿದುಹೋಗುತ್ತದೆ. ಅದರ ಮೇಲೆ ಆ್ಯಪ್ ಜೋರಾದ ಒಂದು ದನಿ ಹಿಡಿದು ಮಿಕ್ಕವನ್ನು ಅದುಮಿಬಿಡುತ್ತದೆ. ಕೊನೆಗೆ ಮಗಳೊಬ್ಬಳೇ ಗೇಟಿನ ಆಚೆಯಿಂದ ಹಾಡಿದಳು.

ಅವತ್ತು ಅರ್ಥವಾಯಿತು. ಪ್ರಸಂಗ ಫೋನಿನಲ್ಲಿ ಬರುತ್ತದೆ, ವಾಕ್ಯ ಬರುತ್ತದೆ, ಕಾಣಿಕೆ ಕೂಡ ಫೋನ್‌ಪೇಯಲ್ಲಿ ಹೋಗುತ್ತದೆ. ಒಟ್ಟಿಗೆ ಹಾಡುವುದು ಮಾತ್ರ ಹೋಗುವುದಿಲ್ಲ. ಅದಕ್ಕೆ ಒಂದೇ ಗಾಳಿಯಲ್ಲಿ ನಿಲ್ಲಬೇಕು.

ಬಾಗಿಲು ಮುಚ್ಚಿ

ಕೆಜಿಎಫ್ ಅಣ್ಣ, ನಿಮ್ಮ ಅಪ್ಪನ ಗೆಳೆಯರಂಥವರು ನಮ್ಮಲ್ಲಿ ಇದ್ದಿದ್ದರೆ ನಾನು ಬಿಡುತ್ತಿರಲಿಲ್ಲ. ಸಿಸ್ಟರ್, ನಿಮ್ಮದೂ ಓದಿದೆ. ನಮ್ಮಪ್ಪನ ಮಂಚದ ಪಕ್ಕ ನಾನು ಫೋನಿನಲ್ಲೇ ಹಾಡು ಹಾಕುತ್ತಿದ್ದೆ. ತುಟಿ ಅಲ್ಲಾಡಿಸುತ್ತಿದ್ದರು. ನಾನು ಜೊತೆಗೆ ಹಾಡಲಿಲ್ಲ, ನನಗೆ ದನಿಯಿಲ್ಲ ಎಂದು ಸುಮ್ಮನಿದ್ದೆ.

ಕ್ವಾಯರ್ ಮೇಷ್ಟ್ರು

ಮಗೂ, ಬೈಬಲಿನ 150 ಕೀರ್ತನೆಗಳಲ್ಲಿ ಅಳುವ ಕೀರ್ತನೆಗಳೇ ಬಹಳ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಸಾಲೇ ಇಲ್ಲ. ಅದನ್ನೂ ಜನ ಕೂಡಿ ಹಾಡಲೆಂದೇ ಪುಸ್ತಕದೊಳಗೆ ಇಟ್ಟಿದ್ದಾರೆ. ನಾವು ಕುಣಿಯುವ ಹಾಡು ಮಾತ್ರ ಆರಿಸಿಕೊಂಡು, ನಿಮ್ಮಂಥ ನೋವಿರುವವರಿಗೆ ಬಾಯಿಗೆ ಹಾಡೇ ಇಲ್ಲದ ಹಾಗೆ ಮಾಡಿದ್ದೇವೆ. ಕ್ವಾಯರ್ ನಡೆಸಿದವನಾಗಿ ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಚಿತ್ರಾವತಿ, ಬಾಗೇಪಲ್ಲಿ

ನಮ್ಮ ಗಡಿಯ ಕಡೆ ಮನೆಮಾತು ತೆಲುಗು, ಶಾಲೆ ಕನ್ನಡ. ಚರ್ಚಿನಲ್ಲಿ ಎರಡೂ ಹಾಡುತ್ತೇವೆ. ಕೆಲವು ಸಲ ಒಂದೇ ರಾಗಕ್ಕೆ ಈ ಸಾಲಿನವರು ಕನ್ನಡ, ಆ ಸಾಲಿನವರು ತೆಲುಗು. ಯಾರೂ ನಿಲ್ಲಿಸಿಲ್ಲ. ನಮ್ಮಲ್ಲಿ ಕೀಬೋರ್ಡೂ ಇಲ್ಲ, ಒಂದು ಡೋಲಕ್, ಒಂದು ಜೊತೆ ತಾಳ. ಬೇರೆ ಹೇಳುವುದಕ್ಕೇನೂ ಇಲ್ಲ, ಹಾಡುತ್ತಿದ್ದೇವೆ ಎಂದು ತಿಳಿಸಲು ಬರೆದೆ.

ಕೀಬೋರ್ಡ್ ಹುಡುಗ
ಶನಿವಾರ ರಾತ್ರಿ

ಮೇಷ್ಟ್ರೇ, ಇವತ್ತು ಅಭ್ಯಾಸದಲ್ಲಿ ಮೂರು ಹಾಡು ಇಳಿಸಿದೆವು. ನಮಗೆ ಸಪ್ಪೆ ಅನಿಸಿತು, ಆದರೆ ಹಿಂದೆ ಕೂತಿದ್ದ ವಾಚ್‌ಮನ್ ಅಂಕಲ್ ಹಾಡಿಗೆ ಸೇರಿಕೊಂಡರು. ಅವರು ಹಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಾಳೆ ಒಂದು ಮಾನಿಟರ್ ಆಫ್ ಮಾಡಿಡುತ್ತೇನೆ, ಜನ ಕೇಳಿಸಲಿ.

ರೇಷ್ಮೆಗೂಡು
ಭಾನುವಾರ ರಾತ್ರಿ

ಇವತ್ತಿನದು ಹೇಳುತ್ತೇನೆ. ನಮ್ಮ ಹುಡುಗರ ಜೊತೆ ಮಾತಾಡಿದೆ, ಮೊದಲು ಕ್ಷಮೆ ಕೇಳಿದೆ. ಕೊನೆಯ ಚರಣಕ್ಕೆ ಎಲ್ಲ ನಿಲ್ಲಿಸುತ್ತೇವೆ ಎಂದು ಒಪ್ಪಿದರು. ನಿಲ್ಲಿಸಿದರು. ಹಾಡು ಕುಸಿಯಿತು. ಮುಂದಿನ ಸಾಲಿನವರು ಓಡಿದರು, ಹಿಂದಿನವರು ಎಳೆದರು, ಗಂಡಸರ ಕಡೆ ಇಬ್ಬರೇ ಹಾಡುತ್ತಿದ್ದರು. ಚೆನ್ನಾಗಿರಲಿಲ್ಲ. ಆದರೆ ನನ್ನ ಎಡಗಡೆ ನಿಲ್ಲುವ ಹುಡುಗಿಯ ದನಿ ಮೊದಲ ಸಲ ನನಗೆ ಕೇಳಿಸಿತು, ಅವಳು ಆರು ವರ್ಷದಿಂದ ಅಲ್ಲೇ ನಿಲ್ಲುತ್ತಿದ್ದಾಳೆ. ಹಾಡಿನ ಪುಸ್ತಕಗಳನ್ನು ಬೀರುವಿನಿಂದ ತೆಗೆದೆವು. ಕೆಲವಕ್ಕೆ ಗೆದ್ದಲು ಹತ್ತಿದೆ.

ಸಂಜೆ ಸಂಡೇ ಸ್ಕೂಲ್ ಮಕ್ಕಳನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋಗಿದ್ದೆ. ಅವರಿಗೆ ಬರುವ ಹಾಡುಗಳನ್ನು ಬರೆದುಕೊಳ್ಳೋಣ ಎಂದು. ಪುಸ್ತಕದಲ್ಲಿಲ್ಲದ ಚರಣಗಳು ಅವರ ಬಾಯಲ್ಲಿವೆ. ಒಂದು ಕಡೆ ಪುಸ್ತಕದಲ್ಲಿ "ನಿನ್ನ ನೆನಹು" ಎಂದಿದೆ, ಅಜ್ಜಿ "ನಿನ್ನ ನೆನರು" ಅನ್ನುತ್ತಾರೆ. ಮಕ್ಕಳು ತಿದ್ದಿದವು. ಅಜ್ಜಿ ತಲೆ ಅಲ್ಲಾಡಿಸಿ ಮತ್ತೆ "ನೆನರು" ಎಂದೇ ಹಾಡಿದರು. ಅರ್ಥ ಕೇಳಿದರೆ "ನಮ್ಮವ್ವ ಹಂಗೇ ಹಾಡ್ತಿದ್ಲು" ಅಂದರು. ಯಾರಿಗಾದರೂ ಗೊತ್ತೇ?

ಚಿತ್ರಾವತಿ

ಅಕ್ಕಾ, ಅದು ತಪ್ಪಲ್ಲ! ನೆನರು ಅಂದರೆ ತೆಲುಗಿನಲ್ಲಿ ಪ್ರೀತಿ, ಅಕ್ಕರೆ. ಹಳೆಯ ಮಾತು, ಈಗ ಹೆಚ್ಚು ಬಳಸುವುದಿಲ್ಲ, ನಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ. ನೆನಹು ಅಂದರೆ ನೆನಪು. ಎರಡೂ ಆ ಸಾಲಿಗೆ ಕೂರುತ್ತವೆ. ಅಜ್ಜಿಯ ತವರು ಯಾವುದು?

ರೇಷ್ಮೆಗೂಡು

ಗೂಳೂರು ಎಂದು ಒಮ್ಮೆ ಹೇಳಿದ ನೆನಪು. ನಿಮ್ಮ ಕಡೆಯದೇ. ನಾಳೆ ರೇಷ್ಮೆ ಮಾರ್ಕೆಟ್ ಮುಗಿಸಿ ಬರುವಾಗ ಹೋಗಿ ಕೇಳುತ್ತೇನೆ, ಇನ್ನೂ ಎರಡು ಚರಣ ಬರೆದುಕೊಳ್ಳುವುದು ಬಾಕಿಯಿದೆ. ಈ ಸಲ "ನೆನರು" ಎಂದೇ ಬರೆಯುತ್ತೇನೆ.